ಒಂದೇ ನಂಬರಿನ ಮೂರು ಎಂಜಿನ್

ಗಜೇಂದ್ರಗಡಕ್ಕೆ ರೈಲಿಲ್ಲ, ನಮ್ಮ ಮನೆಯ ಪಡಸಾಲೆಯಲ್ಲಿ ಮಾತ್ರ ಇದೆ. ನನ್ನ ಮಾವ ರಾಘಣ್ಣನವರು ಗದಗಿನಲ್ಲಿ ಉಗಿ ಎಂಜಿನ್ ಓಡಿಸಿದ ಡ್ರೈವರ್. ಈಗ ಅವರ ಕಣ್ಣು ಪೂರ್ತಿ ಹೋಗಿವೆ. ಅಂದಿನಿಂದ ನನ್ನ ಗಂಡ ಹೇಮಂತ, ಬ್ಯಾಂಕಿನಿಂದ ಬಂದವರೇ, ಅಪ್ಪನಿಗಾಗಿ ಗೇಣುದ್ದದ ಆಟದ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುತ್ತಾರೆ. ಒಂದೊಂದರ ಹೊಟ್ಟೆಯಲ್ಲೂ ಒಂದು ಚಿಪ್, ಒಂದು ಪುಟ್ಟ ಸ್ಪೀಕರ್. ಗಾಲಿ ತಿರುಗಿದಂತೆ ಭುಸ್ ಭುಸ್ ಎನ್ನುತ್ತದೆ, ಏರು ಬಂದರೆ ಏದುಸಿರು ಬಿಡುತ್ತದೆ. ಒಂದೊಂದಕ್ಕೆ ಒಂದೊಂದು ನಂಬರ್. ರಿಮೋಟಿನಲ್ಲಿ ಆ ನಂಬರ್ ಒತ್ತಿದರೆ ಅದೊಂದೇ ಓಡಬೇಕು. ಮಾವ ಪಡಸಾಲೆಯಲ್ಲಿ ಸುತ್ತ ಹಾಸಿದ ಹಳಿಗಳ ನಡುವೆ ಕುರ್ಚಿ ಹಾಕಿಕೊಂಡು, ಸಪ್ಪಳ ಕೇಳಿಯೇ ಗಾಡಿಯನ್ನು ಸ್ಟೇಷನ್ನಿನಲ್ಲಿ ಸರಿಯಾಗಿ ನಿಲ್ಲಿಸುತ್ತಾರೆ. ಕಣ್ಣಿದ್ದೂ ನನಗೆ ಅದು ಇನ್ನೂ ಬಂದಿಲ್ಲ.

ಈ ಸಲ ದಸರೆಯ ಹಿಂದಿನ ದಿನ, ಆಯುಧಗಳ ಖಂಡೇಪೂಜೆಗೆ ಮೂರನೆಯ ಎಂಜಿನ್ ಬಂತು. ಅತ್ತೆ ಶಾರದಾಬಾಯಿ ಮೂರನ್ನೂ ಹಳಿಯ ಮೇಲೆ ಸಾಲಾಗಿ ಇಡಿಸಿ, ಕುಂಕುಮ ಹಚ್ಚಿ ಚೆಂಡುಹೂ ಏರಿಸಿದರು. ಪೂಜೆಗೆ ಕೂತದ್ದನ್ನು ಮರುದಿನದವರೆಗೆ ಎತ್ತುವಂತಿಲ್ಲ. ಇದು ಅವರ ಕಾಯಿದೆ. ಆಮೇಲೆ ನೆನಪಾಯಿತು ನನ್ನ ಗಂಡನಿಗೆ, ಹೊಸದಕ್ಕೆ ನಂಬರ್ ಕೊಟ್ಟಿಲ್ಲವೆಂದು. ತಾಯಿ ಎತ್ತಬೇಡ ಅಂದಿದ್ದರು, ಮಹಾಶಯರು ಎತ್ತಲಿಲ್ಲ. ಇದ್ದಲ್ಲೇ ಅದಕ್ಕೆ ನಂಬರ್ ಏಳು ಎಂದು ಪ್ರೋಗ್ರಾಂ ಮಾಡಿ ಊಟಕ್ಕೆ ಕೂತರು.

ದಸರೆಯ ಬೆಳಿಗ್ಗೆ ಹೇಮಂತ ಬಾಳೆಎಲೆ ತರಲು ಪೇಟೆಗೆ ಹೋದಾಗ, ಮಾವ ಹೊಸದನ್ನು ಓಡಿಸಲು ಒಬ್ಬರೇ ಕೂತರು. ಅಡುಗೆಮನೆಯ ಕುಕ್ಕರಿನ ಗದ್ದಲದಲ್ಲಿ ನಮಗೆ ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ರಿಮೋಟ್ ಕೆಳಗಿಟ್ಟು ಹೋಗಿ ಮಲಗಿಬಿಟ್ಟಿದ್ದಾರೆ. ಹೋಳಿಗೆಯೂ ಬೇಡ ಅಂದರು. ಹೋಳಿಗೆ ಬೇಡ ಎನ್ನುವ ಮನುಷ್ಯರೇ ಅಲ್ಲ ಅವರು. ಪಕ್ಕದಲ್ಲಿ ಕೂತು ಏನಾಯಿತೆಂದು ಕೇಳಿದೆ.

“ಒಂದ ಎಂಜಿನ್ ಬಿಟ್ಟರ ಮೂರ ಕೇಳಸ್ತಾವ ವಸುಧಾ. ಮುಂದ, ಹಿಂದ, ಬಾಜೂಕ. ಕಣ್ಣಂತೂ ಹೋದ್ವು. ಇನ್ನ ಕಿವೀನೂ ಹೊಂಟ್ವು.”

ಪೇಟೆಯಿಂದ ಬಂದ ಹೇಮಂತ ಗಾಬರಿಯಾಗಿ ಗದಗಿನ ಕಿವಿ ಡಾಕ್ಟರಿಗೆ ಫೋನ್ ಹಚ್ಚಿದರು. ಹಬ್ಬದ ದಿನ ಯಾರು ಎತ್ತುತ್ತಾರೆ? ಅತ್ತೆ ದೇವರ ಮುಂದೆ ಕೂತರು. ನನಗೋ, ಏನೇ ಹೇಳಿದರೂ ಕಣ್ಣಾರೆ ನೋಡದ ಹೊರತು ನಂಬದ ಚಟ. ಪಡಸಾಲೆಗೆ ಹೋಗಿ ಏಳು ಒತ್ತಿದೆ.

ಮೂರೂ ಎಂಜಿನ್ ಒಟ್ಟಿಗೆ ಸೀಟಿ ಹೊಡೆದು, ಕುಂಕುಮದ ಸಮೇತ ಹೊರಟವು.

ನಗು ಬಂತು, ಅದರ ಬೆನ್ನಿಗೇ ಅಳು. ಹೇಮಂತ ಓಡಿ ಬಂದು ನೋಡಿ ತಲೆಗೆ ಕೈ ಹಚ್ಚಿ ಕೂತರು. ನಂಬರ್ ಕೊಡುವಾಗ ಹಳಿಯ ಮೇಲೆ ಆ ಎಂಜಿನ್ ಒಂದೇ ಇರಬೇಕು. ಇಲ್ಲವಾದರೆ ಇದ್ದವೆಲ್ಲ ಅದೇ ನಂಬರ್ ಹಿಡಿಯುತ್ತವೆ. ಗೊತ್ತಿದ್ದ ಮಾತೇ, ತಾಯಿಗೆ ಅಂಜಿ ಮರೆತಿದ್ದರು. ಬೈಯುವಷ್ಟು ಬೈದು ಮಾವನ ಹತ್ತಿರ ಓಡಿದೆ.

“ಮಾಮಾ, ನಿಮ್ಮ ಕಿವಿಗೆ ಏನೂ ಆಗಿಲ್ರಿ. ಖರೇನ ಮೂರೂ ಓಡ್ಯಾವ.”

ಅವರು ಎದ್ದು ಕೂತರು. ಆಮೇಲೆ ಹೋಳಿಗೆ ಕೇಳಿದರು, ತುಪ್ಪ ಜಾಸ್ತಿ ಹಾಕಿ. ಅವರ ಊಟ ಮುಗಿಯುವಷ್ಟರಲ್ಲಿ ಅತ್ತೆಯೇ ಎಂಜಿನ್‌ಗಳನ್ನು ಎತ್ತಿ ಎತ್ತಿ ಕೊಟ್ಟರು, ಮಗ ಒಂದೊಂದನ್ನೇ ಹಳಿಗೆ ಇಟ್ಟು ಬೇರೆ ಬೇರೆ ನಂಬರ್ ಕೊಟ್ಟರು.

ಮಾವ ಕುರ್ಚಿಯಲ್ಲಿ ಕೂತು ಏಳು ಒತ್ತಿದರು. ಒಂದೇ ಸಪ್ಪಳ ಹೊರಟು, ಸುತ್ತು ಹಾಕಿ, ಸ್ಟೇಷನ್ನಿನಲ್ಲಿ ನಿಂತಿತು. ಮಾವ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ನಮಗೆಲ್ಲ ಹೋದ ಜೀವ ಬಂದಂತಾಗಿತ್ತು. ಅಷ್ಟರಲ್ಲಿ ಅವರು ಮಗನತ್ತ ಮುಖ ತಿರುಗಿಸಿದರು.

“ಹೇಮಂತಾ, ಇನ್ನೊಮ್ಮೆ ಮೂರಕ್ಕೂ ಒಂದ ನಂಬರ್ ಹಾಕಪಾ. ಮುಂಜಾನಿ ಅಂಜಿಕ್ಯಾಗ ಸರಿ ಕೇಳಲಿಲ್ಲ.”