ಒಳಸುತ್ತಿನ ಚಿತ್ರಗಳು

ಕ್ಯಾಮೆರಾದ ನೆತ್ತಿಯ ಮೇಲೆ ಎಡಬದಿಗೆ ಒಂದು ಪುಟ್ಟ ಗುಂಡಿ ಇರುತ್ತದೆ. ಬಲಗೈ ಹೆಬ್ಬೆರಳಿನಿಂದ ರೀಲನ್ನು ಮುಂದೆ ಸರಿಸಿದಾಗ ಅದು ತನ್ನಷ್ಟಕ್ಕೆ ತಾನೇ ತುಸು ತಿರುಗುತ್ತದೆ. ತಿರುಗಿದರೆ ಒಳಗೆ ರೀಲು ಓಡುತ್ತಿದೆ ಎಂದರ್ಥ. ತಿರುಗದಿದ್ದರೆ ತೆಗೆದದ್ದೆಲ್ಲ ನೀರಿನಲ್ಲಿ ಹೋಮ. ಅದೇ ಗುಂಡಿಯನ್ನು ಮೇಲಕ್ಕೆ ಎಳೆದರೆ ಕ್ಯಾಮೆರಾದ ಬೆನ್ನು ತೆರೆದುಕೊಳ್ಳುತ್ತದೆ. ಇಷ್ಟನ್ನೂ ನನಗೆ ಕಲಿಸಿದವರು ಕ್ಯಾಮೆರಾ ಅಂಗಡಿಯ ಪಾಯಸರು. ಅವರು ಕಲಿಸುತ್ತಿದ್ದಾಗ ನನ್ನ ತಂಗಿ ಕುಮುದ ಅವರ ಬೆನ್ನ ಹಿಂದೆ ನಿಂತು ಅವರನ್ನೇ ಅಣಕಿಸುತ್ತಿದ್ದಳು.

ನಾನಾಗ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಕುಮುದ ಶಿಶುವಿಹಾರದಲ್ಲಿದ್ದಳು. ಮಕ್ಕಳಿಗೆ ಅವಳ ಕತೆಗಿಂತ ಅವಳ ಮುಖವೇ ಹೆಚ್ಚು ಇಷ್ಟ. ನರಿ ಬಂದರೆ ನರಿಯ ಮೋರೆ, ಅಜ್ಜಿ ಬಂದರೆ ಹಲ್ಲಿಲ್ಲದ ಬಾಯಿ. ನನಗೆ ಅಂಥ ಯಾವ ವಿದ್ಯೆಯೂ ಇರಲಿಲ್ಲ. ನನಗಿದ್ದದ್ದು ನನ್ನದೇ ಒಂದು ಕ್ಯಾಮೆರಾ ಬೇಕೆಂಬ ಹಳೆಯ ಆಸೆ. ಊರಲ್ಲಿ ಸ್ಟುಡಿಯೋ ಇರುವಾಗ ಹೆಂಗಸಿಗೆ ಕ್ಯಾಮೆರಾ ಯಾಕೆಂದು ಕೇಳದ ನೆಂಟರಿರಲಿಲ್ಲ.

ಪಾಯಸರು ಹಳೆಯ ಕ್ಯಾಮೆರಾಗಳನ್ನು ರಿಪೇರಿ ಮಾಡಿ ಮಾರುತ್ತಿದ್ದರು. ಅವರದೊಂದು ಕಟ್ಟುನಿಟ್ಟಿತ್ತು: ರೀಲು ಹಾಕಿ, ಅಂಗಡಿಯ ಜಗಲಿಯ ಮೇಲೆ ನಿಂತು ನಾಲ್ಕು ಚಿತ್ರ ತೆಗೆಯುವ ತನಕ ಯಾರಿಗೂ ಕ್ಯಾಮೆರಾ ಕೊಡುತ್ತಿರಲಿಲ್ಲ. ಆ ದಿನ ನನ್ನ ಮುಂದೆ ಎರಡು ಕ್ಯಾಮೆರಾ ಇಟ್ಟರು. ಒಂದು ಹಗುರ, ಹೊಳಪಿನದು. ಬೆಳಕಿನ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತಿತ್ತು. ಇನ್ನೊಂದು ಮೂಲೆಗಳಲ್ಲಿ ಬಣ್ಣ ಸವೆದು ಹಿತ್ತಾಳೆ ಕಾಣುತ್ತಿದ್ದ ಭಾರದ್ದು. ಅದರಲ್ಲಿ ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕು. ನಾನು ಇದನ್ನು ಎತ್ತಿ, ಅದನ್ನು ಇಳಿಸಿ ಮೀನಮೇಷ ಎಣಿಸುತ್ತಾ ಕುಳಿತೆ. ಹಲ್ಲುನೋವೆಂದು ದವಡೆಗೆ ಲವಂಗ ಒತ್ತಿಕೊಂಡಿದ್ದ ಕುಮುದಳಿಗೆ ತಾಳ್ಮೆ ಕೆಟ್ಟಿತು.

"ಭಾರದ್ದೇ ತಗೋ ಅಕ್ಕಾ. ಹಗುರಾದ್ದು ನಿನ್ನ ಕೈಯಿಂದ ಜಾರಿದ್ರೂ ನಿಂಗೆ ಗೊತ್ತಾಗಲ್ಲ" ಎಂದಳು.

ಪಾಯಸರು ನಕ್ಕು ಭಾರದ್ದಕ್ಕೇ ರೀಲು ಹಾಕಿಕೊಟ್ಟರು. ಜಗಲಿಯಲ್ಲಿ ಚಿತ್ರ ತೆಗೆಸಿಕೊಳ್ಳಲು ಬೇರೆ ಯಾರಿದ್ದರು? ಕುಮುದಳನ್ನೇ ನಿಲ್ಲಿಸಿ ತೆಗೆದೆ. ಅವಳು ಒಂದು ಕ್ಷಣವೂ ನೆಟ್ಟಗೆ ನಿಲ್ಲಲಿಲ್ಲ. ನಡುವೆ ಬೆನ್ನು ತೆರೆದರೆ ಬೆಳಕು ಬಿದ್ದು ರೀಲು ಸುಟ್ಟುಹೋಗುತ್ತದೆಂದು ಪಾಯಸರು ಎಚ್ಚರಿಸಿದಾಗ ಅವಳು ಅವರಂತೆಯೇ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡವಳ ನಟನೆ ಮಾಡಿ ಹುಬ್ಬು ಹಾರಿಸಿದಳು. ಅವರು ಮುಂದೆ ಇನ್ನೂ ಏನೋ ಹೇಳಿದರು. ನಾನು ನಗುತ್ತಿದ್ದೆ, ಅವಳು ಅಣಕಿಸುತ್ತಿದ್ದಳು. ಇಬ್ಬರ ಕಿವಿಗೂ ಅದು ಬೀಳಲಿಲ್ಲ.

ರೀಲು ಮುಗಿಸುವ ಅವಸರ ನನಗಿರಲಿಲ್ಲ. ಆಮೇಲೆ ತೆಗೆದದ್ದು ಒಂದೆರಡು ಹಕ್ಕಿ, ಒಂದು ಬಾವಿಕಟ್ಟೆ ಅಷ್ಟೆ. ಅಷ್ಟರಲ್ಲಿ ಕುಮುದಳ ಹಲ್ಲುನೋವು ಹಲ್ಲಿನದಲ್ಲವೆಂದು ಗೊತ್ತಾಯಿತು. ಕೆಳದವಡೆಯ ಮೂಳೆಯೊಳಗೆ ಗಡ್ಡೆ ಬೆಳೆದಿತ್ತು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಎಡದವಡೆಯ ಬಹುಭಾಗ ತೆಗೆಯಬೇಕು, ಮುಖ ಒಂದು ಕಡೆ ಕುಸಿಯುತ್ತದೆ, ಜೀವಕ್ಕೂ ಭರವಸೆ ಕೊಡಲಾರೆ ಎಂದರು. ಕುಮುದ ತಲೆಯಾಡಿಸಿ ಹೊರಗೆ ಬಂದಳು. ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದಳು.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಅಮ್ಮ ನನಗೆ, ಕುಮುದಳ ಒಂದು ಒಳ್ಳೆಯ ಫೋಟೋ ತೆಗೆ ಎಂದಳು. ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಕುಮುದಳಿಗೆ ರೇಷ್ಮೆ ಸೀರೆ ಉಡಿಸಿ, ಪೌಡರ್ ಹಚ್ಚಿ, ಊದಿದ ಕೆನ್ನೆ ಕಾಣದಂತೆ ಓರೆಯಾಗಿ ಕುರ್ಚಿಯಲ್ಲಿ ಕೂರಿಸಿದರು. ಸೋದರಮಾವ ವಾಮನರಾಯರು ಫೋಟೋಗ್ರಫಿಯನ್ನು ಅರೆದು ಕುಡಿದವರಂತೆ ನನ್ನ ಹಿಂದೆ ನಿಂತು, ಬಾಯಿ ಮುಚ್ಚಿಕೋ, ಸ್ವಲ್ಪವೇ ನಗು, ಅಲುಗಬೇಡ ಎಂದು ಅಪ್ಪಣೆ ಕೊಡುತ್ತಿದ್ದರು. ನಾನು ಒಂದರ ಮೇಲೊಂದು ತೆಗೆಯುತ್ತಾ ಹೋದೆ. ಗುಂಡಿ ಪ್ರತಿ ಸಲವೂ ತಿರುಗಿತು. ಅವಳ ಕಣ್ಣು ನನ್ನ ಮೇಲಿರಲಿಲ್ಲ, ಆ ಗುಂಡಿಯ ಮೇಲಿತ್ತು.

ಮಧ್ಯಾಹ್ನ ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಕ್ಯಾಮೆರಾವನ್ನು ಚೀಲಕ್ಕೆ ಹಾಕಲು ಎತ್ತಿಕೊಂಡೆ. ಚಿತ್ರಗಳನ್ನು ಎಣಿಸುವ ಪುಟ್ಟ ಮುಳ್ಳು ಮೊದಲಿನ ಗೆರೆಗೆ ಹಿಂದಿರುಗಿತ್ತು. ಬೆನ್ನು ತೆರೆದರೆ ಮಾತ್ರ ಆ ಮುಳ್ಳು ಹಿಂದೆ ಹೋಗುವುದು. ಯಾರೋ ತೆರೆದು ಮತ್ತೆ ಮುಚ್ಚಿಟ್ಟಿದ್ದರು.

ನನ್ನ ಅನುಮಾನ ನೇರವಾಗಿ ಮಾವನ ಮೇಲೆ ಹೋಯಿತು. ಕೈ ಸುಮ್ಮನಿರದ ಮನುಷ್ಯ ಅವರು. ಗಡಿಯಾರ ಕಂಡರೂ ಬಿಚ್ಚುವವರು. ಎಲ್ಲರೆದುರೇ ಕೇಳಿದೆ. ಅವರು ತಾವು ಮುಟ್ಟಿಲ್ಲವೆಂದು ದೇವರ ಮೇಲೆ ಆಣೆ ಇಟ್ಟರು. ಅಮ್ಮ ಅಪಶಕುನವೆಂದು ಗೋಡೆಗೊರಗಿ ಅತ್ತಳು. ಇನ್ನೊಂದು ರೀಲು ತರುತ್ತೇನೆ, ಮತ್ತೆ ತೆಗೆಯೋಣ ಎಂದೆ. ಕುಮುದ ಬೇಡವೆಂದಳು. ಅಷ್ಟು ಗಟ್ಟಿಯಾಗಿ ಅವಳು ಯಾವುದನ್ನೂ ಬೇಡವೆಂದದ್ದು ನನಗೆ ನೆನಪಿಲ್ಲ. ಮಾವ ಬರುವುದಿಲ್ಲವೆಂದು ಮನೆಯಲ್ಲೇ ಉಳಿದರು. ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ ನಾವು ಮೂವರೇ ಹೋದೆವು.

ಮರುದಿನ ಬೆಳಿಗ್ಗೆ ಅವಳನ್ನು ಕರೆದೊಯ್ಯುವ ಗಾಲಿಮಂಚ ಬಂತು. ಅಮ್ಮ ನೀರು ತರಲು ಹೋಗಿದ್ದಳು. ಕುಮುದ ನನ್ನನ್ನು ಹತ್ತಿರಕ್ಕೆ ಕರೆದಳು.

"ಮಾವನ್ನ ಬೈಬೇಡ. ಕ್ಯಾಮೆರಾದ ಬೆನ್ನು ತೆರೆದಿದ್ದು ನಾನು."

ಯಾಕೆ ಎಂದೆ.

"ನಾನು ಸತ್ತರೆ ಅಮ್ಮ ಆ ಫೋಟೋಗೇ ಹಾರ ಹಾಕ್ತಾಳೆ. ಬದುಕಿದ್ರೆ ದಿನಾ ಅದನ್ನ ನೋಡಿ, ಆಮೇಲೆ ನನ್ನ ನೋಡ್ತಾಳೆ. ಆ ಬೊಂಬೆ ನಾನಲ್ಲ ಅಕ್ಕಾ. ಅದು ನನ್ನ ಹೆಸರಲ್ಲಿ ಇರೋದು ಬೇಡ."

ಮಂಚ ಹೊರಟಿತು. ಬಾಗಿಲು ಮುಚ್ಚಿತು.

ಅಲ್ಲಿ ಕೂರಲು ನನ್ನಿಂದಾಗಲಿಲ್ಲ. ಅಮ್ಮ ಬೆಂಚಿನ ಮೇಲೆ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದಳು. ಪಾಯಸರ ಅಂಗಡಿ ಹತ್ತಿರದಲ್ಲೇ ಇತ್ತು. ಕಾಲುಗಳು ನನ್ನನ್ನು ಕೇಳದೆ ಅತ್ತ ನಡೆದವು. ಚೀಲದಲ್ಲಿದ್ದ ಕ್ಯಾಮೆರಾವನ್ನು ಅವರ ಮುಂದಿಟ್ಟು, ಬೆನ್ನು ತೆರೆದಿದೆ, ರೀಲು ತೆಗೆದು ಬಿಸಾಡಿ ಎಂದೆ. ಅವರು ಹಳೆಯ ರೀಲಿನ ಒಂದು ಪಟ್ಟಿಯನ್ನು ಬೆರಳಿಗೆ ಸುತ್ತಿ ತೋರಿಸಿದರು.

"ಅವತ್ತೇ ಹೇಳಿದ್ನಲ್ಲ ಟೀಚರ್. ಬೆಳಕು ಸುಡೋದು ಹೊರಸುತ್ತನ್ನ. ಮೊದಲು ತೆಗೆದದ್ದು ಎಲ್ಲಕ್ಕಿಂತ ಒಳಗಿರ್ತದೆ. ತಟ್ಟನೆ ಮುಚ್ಚಿದ್ರೆ ಅದು ಉಳೀತದೆ."

ನಾವಿಬ್ಬರೂ ಕೇಳಿಸಿಕೊಳ್ಳದೆ ಹೋದ ಮಾತು ಅದು. ಅವರು ಕತ್ತಲೆಕೋಣೆಗೆ ಹೋದರು. ನಾನು ಜಗಲಿಯ ಮೇಲೆ, ಅವಳು ನಿಂತಿದ್ದ ಜಾಗದಲ್ಲೇ ಕುಳಿತೆ. ಒಂದು ಮುಚ್ಚಿದ ಬಾಗಿಲಿನ ಹಿಂದೆ ಅವಳು, ಇನ್ನೊಂದರ ಹಿಂದೆ ಅವಳ ಮುಖ. ಎರಡರಲ್ಲಿ ಯಾವುದು ಮೊದಲು ತೆರೆಯುವುದೋ ಎಂದು ಅಂಜುತ್ತಾ ಕುಳಿತಿದ್ದೆ. ಅಂಥ ಭಯ ಮುಂದೆಂದೂ ನನಗೆ ಆಗಿಲ್ಲ.

ಪಾಯಸರು ಒದ್ದೆ ಪಟ್ಟಿಯನ್ನು ಬೆಳಕಿಗೆ ಹಿಡಿದರು. ಕುರ್ಚಿಯಲ್ಲಿ ಕೂರಿಸಿ ತೆಗೆದ ಭಾಗವೆಲ್ಲ ಇದ್ದಿಲಿನಂತೆ ಕಪ್ಪಾಗಿತ್ತು. ಮೊದಲಿನ ನಾಲ್ಕಾರು ಮಾತ್ರ, ಅಂಚಿನಲ್ಲಿ ಸುಟ್ಟಿದ್ದರೂ, ಉಳಿದಿದ್ದವು. ಅಚ್ಚು ಹಾಕಿ ಕೊಟ್ಟಾಗ ನೋಡಿದೆ. ಒಂದರಲ್ಲಿ ಲವಂಗ ಒತ್ತಿದ ಕೆನ್ನೆ ಉಬ್ಬಿಸಿಕೊಂಡು ನನ್ನನ್ನು ಬೈಯುತ್ತಿದ್ದಾಳೆ. ಒಂದರಲ್ಲಿ ಮುಖವೇ ಅಲುಗಿದೆ. ಒಂದರಲ್ಲಿ ಇಲ್ಲದ ಕನ್ನಡಕದ ಮೇಲಿನಿಂದ ಪಾಯಸರಂತೆ ನೋಡುತ್ತಾ, ಅಷ್ಟೂ ಹಲ್ಲು ಬಿಟ್ಟು ನಗುತ್ತಿದ್ದಾಳೆ. ಬೀದಿಯೆಂಬುದನ್ನೂ ಮರೆತು ಅತ್ತುಬಿಟ್ಟೆ.

ಅವಳು ಬದುಕಿದಳು. ಮುಖದ ತುಂಬ ಬಟ್ಟೆಯ ಪಟ್ಟಿ, ಮಾತಿಲ್ಲ, ಕಣ್ಣು, ಹುಬ್ಬು ಮಾತ್ರ ಕಾಣುತ್ತಿದ್ದವು. ಮಾವ ದಿನವೂ ಬಂದು ಎಳನೀರು ಕೊಟ್ಟು ಹೋಗುತ್ತಿದ್ದರು. ನಾನು ಅವರ ಕ್ಷಮೆ ಕೇಳಿದಾಗ, ನನ್ನ ಕೈ ಸುಮ್ಮನಿರಲ್ಲ ಅನ್ನೋದು ಸುಳ್ಳೇನಲ್ಲವಲ್ಲ ಎಂದು ಮಾತು ತೇಲಿಸಿದರು. ಚಿತ್ರಗಳು ನನ್ನ ಚೀಲದಲ್ಲೇ ಇದ್ದವು. ಅವಳು ಬೇಡವೆಂದು ಸುಟ್ಟದ್ದನ್ನು ಅವಳ ಮುಂದೆ ಹಿಡಿಯಲು ನನಗೇನು ಅಧಿಕಾರ? ಅಮ್ಮನಿಗೆ ತೋರಿಸಿದರಂತೂ ಕುಮುದಳಿಗೆ ದ್ರೋಹ ಮಾಡಿದಂತೆ. ಹರಿದುಹಾಕಲು ಕೈ ಬರಲಿಲ್ಲ. ಅವಳ ಮಂಚದ ಪಕ್ಕ ಕೂತಾಗಲೆಲ್ಲ ಆ ಚೀಲ ತೊಡೆಯ ಮೇಲೆ ಕೆಂಡದಂತೆ ಇರುತ್ತಿತ್ತು.

ಒಂದು ಬೆಳಿಗ್ಗೆ ಅವಳೇ ನನ್ನತ್ತ ನೋಡಿ, ಗಾಳಿಯಲ್ಲಿ ತೋರುಬೆರಳು ಮಡಚಿ ಕ್ಲಿಕ್ ಮಾಡುವಂತೆ ಅಭಿನಯಿಸಿ, ಆ ರೀಲು ಎಲ್ಲಿ ಎಂಬಂತೆ ಕೈ ತಿರುಗಿಸಿದಳು. ಸುಳ್ಳು ಹೇಳಲಾಗಲಿಲ್ಲ. ಒಳಗಿನ ಸುತ್ತಿನದು ಉಳಿದುಕೊಂಡಿತೆಂದೆ, ಅಮ್ಮನೂ ನೋಡಿಲ್ಲವೆಂದೆ, ಬೇಡವಾದರೆ ಈಗಲೇ ಹರಿಯುತ್ತೇನೆಂದೆ. ಅವಳು ಕೈ ಚಾಚಿದಳು.

ಹಲ್ಲು ಬಿಟ್ಟು ನಗುವ ಚಿತ್ರ ಮೇಲಿತ್ತು. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದಳು. ಹೆಬ್ಬೆರಳಿನಿಂದ ಚಿತ್ರದ ಬಾಯಿ, ದವಡೆಗಳನ್ನು ಮುಚ್ಚಿ ಬರಿಯ ಕಣ್ಣನ್ನಷ್ಟೇ ನೋಡಿದಳು. ನಿಧಾನವಾಗಿ ಹೆಬ್ಬೆರಳು ತೆಗೆದಳು. ಪಟ್ಟಿಯ ಮೇಲಿನ ಹುಬ್ಬುಗಳು, ಚಿತ್ರದಲ್ಲಿದ್ದಂತೆಯೇ, ಮೇಲಕ್ಕೆ ಹಾರಿದವು. ನೋವಿಗೋ ನಗುವಿಗೋ ಕಣ್ಣಲ್ಲಿ ನೀರು ಬಂತು.

ಚಿತ್ರಗಳನ್ನು ಅವಳು ನನಗೆ ಕೊಡಲಿಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡಳು. ಆಮೇಲೆ ನನ್ನ ಚೀಲದ ಕಡೆ ಬೆರಳು ತೋರಿಸಿದಳು. ನಾನು ಕ್ಯಾಮೆರಾ ಹೊರತೆಗೆದು ಹೊಸ ರೀಲು ಹಾಕಿದೆ. ತೆಗೆಯಲೇ ಎಂದು ಕೇಳಿದೆ. ಅವಳು ತಡೆದು, ಕೈ ನೀಡಿ ಎಡಬದಿಯ ಗುಂಡಿಯ ಮೇಲೆ ತನ್ನ ಬೆರಳಿಟ್ಟಳು. ನಾನು ರೀಲು ಸರಿಸಿದೆ. ಅವಳ ಬೆರಳಿನಡಿ ಗುಂಡಿ ತಿರುಗಿತು.