ವೂರ್‌ಬರ್ಗ್‌ನ ಸಂದರ್ಶನ

ಬಾತ್‌ರೂಮಿನಲ್ಲಿ ನೀರು ಬೀಳುವ ಸದ್ದು ಕೇಳಿ ಉಷಾಗೆ ಅಳುವೇ ಬಂದಂತಾಯಿತು. ಸುಜಯ್ ತಾನಾಗಿ ಎದ್ದು ಸ್ನಾನಕ್ಕೆ ಹೋಗಿ ಎಷ್ಟು ಕಾಲವಾಗಿತ್ತೋ. ತಾನಾಗಿ ಎಂದರೆ ಪೂರ್ತಿ ತಾನಾಗಿಯೇನೂ ಅಲ್ಲ. ಬೆಳಿಗ್ಗೆಯಿಂದ ಅವಳು ಗಂಡನ ಬೆನ್ನು ಬಿಟ್ಟಿರಲಿಲ್ಲ.

"ಶೇವ್ ಮಾಡ್ಕೊಳ್ಳೋ, ಪ್ಲೀಸ್. ಹೀಗೇ ಹೋದ್ರೆ ಅವ್ರು ಏನಂದ್ಕೋತಾರೆ?" ಎಂದು ಬಾಗಿಲ ಹೊರಗಿನಿಂದಲೇ ಕೂಗಿದಳು.

ಡಚ್ಚರ ಊರು ಕಾಪೆಲ್ಲೆಯ ಆಫೀಸಿನಲ್ಲಿ ಹತ್ತು ಜನರ ತಂಡ ನಡೆಸುತ್ತಿದ್ದವನು ಚಳಿಗಾಲದಿಂದ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ. ರಜೆಯೇನೋ ಸಿಕ್ಕಿತ್ತು. ಒಂದು ದಿನ ಕಾಫಿ ಕೊಡಲು ಹೋದಾಗ, "ಬೆಳಿಗ್ಗೆ ಎಚ್ಚರಾನೇ ಆಗದೆ ಇದ್ರೆ ಒಳ್ಳೇದಿತ್ತು ಅನ್ಸತ್ತೆ ಉಷಾ," ಎಂದಿದ್ದ. ಕಾಫಿಗೆ ಸಕ್ಕರೆ ಕಮ್ಮಿಯಾಗಿದೆ ಎನ್ನುವಷ್ಟೇ ಸಾಧಾರಣವಾಗಿ ಹೇಳಿದ್ದ. ಅಂದಿನಿಂದ ಅವಳ ಎದೆಯಲ್ಲಿ ಭಯ ಮನೆ ಮಾಡಿತ್ತು. ಮೈಸೂರಿನಲ್ಲಿದ್ದ ಅತ್ತೆಗೆ ಮಾತ್ರ, "ಅವ್ರಿಗೆ ಕೆಲಸ ಜಾಸ್ತಿ ಅತ್ತೆ," ಎನ್ನುತ್ತಿದ್ದಳು.

ಹಾಯ್ಸಾರ್ಟ್ಸ್, ಅಂದರೆ ಬಡಾವಣೆಯ ಡಾಕ್ಟರು, ಮನಸ್ಸಿನ ಥೆರಪಿಗೆಂದು ರೆಫರಲ್ ಚೀಟಿ ಬರೆದುಕೊಟ್ಟು ಕೈ ತೊಳೆದುಕೊಂಡರು. ಮಿಕ್ಕಿದ್ದು ಫೋನು ಹಿಡಿದು ಕೂತ ಉಷಾಳ ಪಾಡು. ಇಂಗ್ಲಿಷಿನಲ್ಲಿ ಮಾತಾಡುವ ಥೆರಪಿಸ್ಟುಗಳಿಗೆ ವಿಮೆಯ ಒಪ್ಪಂದವಿಲ್ಲ. ಒಪ್ಪಂದವಿದ್ದವರ ಹತ್ತಿರ ಜಾಗವಿಲ್ಲ. ಜಾಗವಿದ್ದ ಒಬ್ಬರೇ ಒಬ್ಬರಿಗೆ ಡಚ್ ಬಿಟ್ಟು ಬೇರೆ ಬಾರದು. ಹಾರ್ಲೆಮ್‌ನ ಹೆಂಗಸೊಬ್ಬಳು ಮುಂದಿನ ವರ್ಷ ಕರೆ ಮಾಡಿ ಎಂದಳು. ಅದೆಷ್ಟು ಸಿಹಿಯಾಗಿ ಎಂದರೆ, ಉಷಾ ಪೆದ್ದಿಯಂತೆ ಥ್ಯಾಂಕ್ಸ್ ಬೇರೆ ಹೇಳಿ ಫೋನಿಟ್ಟಳು. ಕೊನೆಗೆ ವೂರ್‌ಬರ್ಗ್‌ನಲ್ಲಿ ಮಾರ್ಲೂಸ್ ಎಂಬುವಳು ಸಿಕ್ಕಳು. ಲೈಸೆನ್ಸ್ ಇದೆ, ವಿಮೆ ನಡೆಯುತ್ತದೆ, ಇಂಗ್ಲಿಷ್ ಬರುತ್ತದೆ. ಯಾರೋ ಬಿಟ್ಟುಹೋದ ಒಂದು ಜಾಗ ಖಾಲಿಯಿತ್ತು. ಮೊದಲ ಭೇಟಿಯಲ್ಲಿ ಮಾತಾಡಿಸಿ, ತೆಗೆದುಕೊಳ್ಳುವುದೋ ಬೇಡವೋ ಹೇಳುತ್ತೇನೆ ಎಂದಿದ್ದಳು.

ತೆಗೆದುಕೊಳ್ಳುವುದೋ ಬೇಡವೋ ಎಂದ ಮೇಲೆ ಅದು ಸಂದರ್ಶನವೇ ತಾನೆ? ಕ್ಯಾಂಪಸ್ ಇಂಟರ್‌ವ್ಯೂ, ವೀಸಾ ಇಂಟರ್‌ವ್ಯೂ, ಕೊನೆಗೆ ಮನೆ ಬಾಡಿಗೆಗೂ ಇಂಟರ್‌ವ್ಯೂ ಕೊಟ್ಟು ಬಂದ ಜೀವ ಅವಳದು. ಗಂಡನಿಗೆ ನೀಲಿ ಶರ್ಟು ಇಸ್ತ್ರಿ ಮಾಡಿಕೊಟ್ಟಳು. ರೈಲಿನಲ್ಲಿ ಪಕ್ಕ ಕೂತು ಪಾಠ ಹೇಳಿದಳು.

"ಐ ಕಾಂಟ್ಯಾಕ್ಟ್ ಇರ್ಲಿ. ಕೇಳಿದ್ದಕ್ಕೆ ನೀಟಾಗಿ ಆನ್ಸರ್ ಮಾಡು. ಸುಮ್ನೆ ಕೂತ್ರೆ ಇಂಟ್ರೆಸ್ಟ್ ಇಲ್ಲ ಅಂದ್ಕೊಂಡುಬಿಡ್ತಾರೆ."

"ಹೂಂ," ಎಂದ ಸುಜಯ್.

ಅವನು ಅವಳು ಹೇಳಿದ್ದಕ್ಕಿಂತ ಚೆನ್ನಾಗಿಯೇ ಮಾಡಿದ. ಮಾರ್ಲೂಸಳ ಕೈ ಕುಲುಕಿದ, ನೆಟ್ಟಗೆ ಕೂತ. ನಿದ್ದೆ ಹೇಗಿದೆ ಎಂದರೆ "ಮೊದಲಿಗಿಂತ ವಾಸಿ" ಎಂದ. ಊಟ? "ನನ್ನ ಹೆಂಡತಿ ಬಿಡಬೇಕಲ್ಲ!" ಎಂದು ನಕ್ಕ. ಮ್ಯಾನೇಜರಿಗೆ ಪ್ರಾಜೆಕ್ಟಿನ ವರದಿ ಒಪ್ಪಿಸುವವನ ಹಾಗೆ ತನ್ನ ಕಾಯಿಲೆಯನ್ನು ಅಚ್ಚುಕಟ್ಟಾಗಿ ಒಪ್ಪಿಸಿದ. ಪಕ್ಕದ ಕುರ್ಚಿಯಲ್ಲಿ ಕೂತ ಉಷಾಗೆ ಹೆಮ್ಮೆಯೇ ಆಯಿತು. ಹಳೆಯ ಸುಜಯ್ ಮರಳಿ ಬಂದಂತಿತ್ತು.

ಬದುಕುವುದೇ ಬೇಡ ಅನ್ನಿಸುವುದುಂಟೇ ಎಂದು ಮಾರ್ಲೂಸ್ ನೇರವಾಗಿ ಕೇಳಿದಳು.

"ನೋ, ನೋ. ಸುಸ್ತು ಯಾರಿಗಾಗಲ್ಲ ಹೇಳಿ," ಎಂದು ಇಂಗ್ಲಿಷಿನಲ್ಲಿ ಹೇಳಿ ಅವನು ಉಷಾಳ ಕಡೆ ನೋಡಿದ.

ಆಗ ಅವಳು ಬಾಯಿ ಬಿಡಬೇಕಿತ್ತು. ಗಂಡ ಇಷ್ಟು ಕಷ್ಟಪಟ್ಟು ಕೂತಿರುವಾಗ, ಅವನ ಮುಂದೆಯೇ, ಗುರುತಿಲ್ಲದ ಹೆಂಗಸಿಗೆ ಆ ಮಾತು ಹೇಳಲು ನಾಲಿಗೆ ಏಳಲಿಲ್ಲ. ಅವಳೂ ನಕ್ಕಳು.

ವಾಪಸು ಬರುವಾಗ ಅವನು ರೈಲಿನಲ್ಲಿ ಬಾಯಿ ತೆರೆದು ನಿದ್ದೆಹೋದ. ಮನೆಗೆ ಬಂದವನು ಶೂ ಸಹ ಬಿಚ್ಚದೆ ಹಾಸಿಗೆಗೆ ಬಿದ್ದ. ಆಮೇಲೆ ಊಟಕ್ಕೂ ಏಳಲಿಲ್ಲ.

ಮುಂದಿನ ವಾರ ಮಾರ್ಲೂಸ್ ಫೋನು ಮಾಡಿದಳು. ಒಳ್ಳೆಯ ಸುದ್ದಿ ಎಂದೇ ಶುರು ಮಾಡಿದಳು. ಸುಜಯ್‌ನ ತೊಂದರೆ ಸಣ್ಣದು, ಆತ ಚೆನ್ನಾಗಿಯೇ ನಿಭಾಯಿಸುತ್ತಿದ್ದಾರೆ, ಡಾಕ್ಟರು ಹೇಳುವ ಒಂದು ಆನ್‌ಲೈನ್ ಕೋರ್ಸು ಸಾಕು. ಈ ಜಾಗವನ್ನು ಇನ್ನೂ ಕಷ್ಟದಲ್ಲಿರುವವರಿಗೆ ಕೊಡಬೇಕು.

ಉಷಾ ಬಾಲ್ಕನಿಗೆ ಓಡಿ ಬಾಗಿಲು ಹಾಕಿಕೊಂಡಳು. ಅಲ್ಲಿ ನಿಂತು ಎಲ್ಲವನ್ನೂ ಕಾರಿದಳು. ಎಚ್ಚರವಾಗದಿದ್ದರೆ ಒಳ್ಳೆಯದಿತ್ತು ಎಂದದ್ದು, ಸ್ನಾನವಿಲ್ಲದ ದಿನಗಳು, ಇವನ ಉಸಿರು ಕೇಳುತ್ತಿದೆಯೇ ಎಂದು ತಾನು ಎದ್ದೆದ್ದು ನೋಡುವುದು. ಅವತ್ತು ಶೇವ್ ಮಾಡಿಸಿದ್ದೂ, ಉತ್ತರ ಕಲಿಸಿದ್ದೂ ತಾನೇ ಎಂದಳು.



"ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಮಾರ್ಲೂಸ್ ಕೇಳಿದಳು. ಅದರಲ್ಲಿ ಕೊಂಕಿರಲಿಲ್ಲ, ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು. ಈಗೇನು ಮಾಡುವುದು ಎಂದಷ್ಟೇ ಉಷಾ ಕೇಳಿದಳು.

ಹಾಗಿದ್ದರೆ ಇದು ತನ್ನಂಥ ಸಣ್ಣ ಕ್ಲಿನಿಕ್ಕಿಗೆ ಮೀರಿದ್ದು ಎಂದಳು ಮಾರ್ಲೂಸ್. ಮಾನಸಿಕ ಚಿಕಿತ್ಸೆಯ ದೊಡ್ಡ ಸಂಸ್ಥೆಗೇ ಹೋಗಬೇಕು. ಇವತ್ತೇ ನಿಮ್ಮ ಡಾಕ್ಟರಿಗೆ ಫೋನು ಮಾಡಿ ಹೇಳುತ್ತೇನೆ, ಅವರು ನೋಡಿಕೊಳ್ಳುತ್ತಾರೆ; ಸಂಸ್ಥೆಯ ಸರದಿ ಮಾತ್ರ ತುಂಬಾ ಉದ್ದವಿದೆ. ಅವರೊಬ್ಬರನ್ನೇ ಬಿಡಬೇಡಿ ಎಂದು ಮತ್ತೆ ಮತ್ತೆ ಹೇಳಿ, ಕ್ಷಮೆ ಕೇಳಿ ಫೋನಿಟ್ಟಳು. ಕಾಯಿಲೆ ಹಗುರವೆಂದರೂ ಬಾಗಿಲು ಮುಚ್ಚಿತು, ಭಾರವೆಂದರೂ ಮುಚ್ಚಿತು.

ಮುಖ ಒರೆಸಿಕೊಂಡು ಉಷಾ ಒಳಗೆ ಬಂದಳು. ಕೋಣೆಯ ಪರದೆ ಎಳೆದೇ ಇತ್ತು.

"ವೂರ್‌ಬರ್ಗ್‌ನೋರಾ?" ಎಂದು ಸುಜಯ್ ಕೇಳಿದ. ಎಷ್ಟೋ ದಿನದ ಮೇಲೆ ತಾನಾಗಿ ಆಡಿದ ಮಾತು.

"ಹೂಂ."

ಅವನು ಅವಳ ಕಡೆ ಹೊರಳಿದ. "ಸರಿಯಾಗ್ ಮಾತಾಡ್ದೆ ಅಲ್ವಾ ನಾನು?"

ಉಷಾ ಹಾಸಿಗೆಯ ಅಂಚಿಗೆ ಕೂತು ಅವನ ಹಣೆಯ ಮೇಲಿನ ಕೂದಲು ಸರಿಸಿದಳು.

"ತುಂಬಾ ಚೆನ್ನಾಗ್ ಮಾತಾಡ್ದೆ ಕಣೋ."

ಅವನು ತಲೆಯಾಡಿಸಿದ. ಆಮೇಲೆ ಮತ್ತೆ ಮಗ್ಗುಲು ಬದಲಿಸಿ, ಅವಳಿಗೂ ಮಲಗಲು ಜಾಗವಾಗಲೆಂದು, ಗೋಡೆಗೆ ಇನ್ನಷ್ಟು ಹತ್ತಿರ ಸರಿದ.