ಗೇಟಿನ ಹಗ್ಗ

ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. "ಓರೆ ಮಾಡ್ರೋ, ಗೋಡೆಗೆ ತಾಗ್ತಿದೆ!" ಎಂದು ಹಟ್ಟಿಯ ಮೇಸ್ತ್ರಿ ಕೂಗಿದ. ಸಂಶೋಧನಾ ಕೇಂದ್ರದ ಕುರಿಹಟ್ಟಿಯವರೆಲ್ಲ ಬೆಳಗ್ಗೆಯೇ ಬಂದುಬಿಟ್ಟಿದ್ದರು. ಹೆಗಲು ಕೊಡಲು ನಾ ಮುಂದು ತಾ ಮುಂದು. ಅವರ ಬಟ್ಟೆಗಂಟಿದ ಉಣ್ಣೆಯ ಕಮಟು ಮನೆಯೆಲ್ಲ ತುಂಬಿ, ಗಂಡ ಈಗಷ್ಟೇ ಬಂದು ಬೂಟು ಬಿಚ್ಚುತ್ತಿದ್ದಾನೇನೋ ಎಂದು ಅವಳಿಗೆ ಅನ್ನಿಸಿತು. ಅವನ ನಿವೃತ್ತಿ ಹತ್ತಿರವಾಗಿತ್ತು. ಎದೆನೋವು ಅಂದವನು ಆಸ್ಪತ್ರೆ ಮುಟ್ಟಲಿಲ್ಲ.

"ಅಣ್ಣನಿಗೆ ನಿಮಗಿಂತ ಕುರಿಗಳೇ ಹೆಚ್ಚು, ಅಲ್ವಾ ಅತ್ತಿಗೆ?" ಎಂದಳು ನಾದಿನಿ, ಮೂಗೊರೆಸಿಕೊಳ್ಳುತ್ತ.

"ಹೂಂ ಕಣೇ. ಆ ಸವತಿಯರಿಗೆಲ್ಲ ಕಿವಿಗೆ ನಂಬರಿನ ಓಲೆ ಹಾಕಿಸಿದ್ರು. ನನಗೊಂದು ಓಲೆ ಮಾಡಿಸ್ಲಿಲ್ಲ." ನಗಲು ಹೋಗಿ ಅವಳು ಬಿಕ್ಕಿದಳು.

*

ಜಂತುಹುಳಕ್ಕೆ ಹಿಂಡು ಹಿಂಡೇ ಸಾಯುತ್ತಿದ್ದ ಕಾಲವದು. ಔಷಧಿಯಿಲ್ಲದೆ ಬದುಕುವ ಕುರಿಗಳನ್ನು ಆರಿಸಿ ಆರಿಸಿ ಒಂದು ತಳಿ ಕಟ್ಟುವುದರಲ್ಲೇ ಅವನ ಪ್ರಾಯವೆಲ್ಲ ಸವೆಯಿತು. ಮದುವೆಯ ಹೊಸತರಲ್ಲಿ ಅವಳಿಗೆ ತಲೆಸುತ್ತು ಬಂದರೆ, ಹುಳ ಬಿದ್ದ ಕುರಿಗೆ ರಕ್ತ ಕಮ್ಮಿಯಾಗಿದೆಯೇ ಎಂದು ನೋಡುವಂತೆ ಕೆಳರೆಪ್ಪೆ ಎಳೆದು ನೋಡಿ, "ಕೆಂಪಗಿದೆ, ಹುಳ ಇಲ್ಲ," ಎಂದಿದ್ದ ಮಹಾರಾಯ.

ಕೇಂದ್ರದ ಹೊಸ ನಿರ್ದೇಶಕಿ ಕಡ್ಡಿ ಮುರಿದಂತೆ ಹೇಳಿದ್ದರು: ಈ ಸಲದ ಮರಿಗಳು ಅಪ್ಪಟವಾಗಿ ಹುಟ್ಟಿದರೆ ತಳಿ ಉಳಿಯುತ್ತದೆ, ಬೆರಕೆಯಾದರೆ ಹಿಂಡೆಲ್ಲ ಕಸಾಯಿಖಾನೆಗೆ. ಟಗರಿನ ಎದೆಗೆ ಬಣ್ಣ ಬಳಿಯುವುದು ಅಲ್ಲಿನ ರೂಢಿ. ಯಾವ ಟಗರು ಕೂಡಿತೆಂಬುದು ಕುರಿಯ ಬೆನ್ನ ಮೇಲೆ ಕಾಣುತ್ತದೆ. ತನ್ನ ತಳಿಯ ಟಗರಿಗೆ ಅವನು ಕೆಂಪು ಬಳಿದಿದ್ದ. ಪಕ್ಕದ ದೊಡ್ಡಿಯ ಮಾಂಸದ ತಳಿಯ ಟಗರುಗಳಿಗೆ ನೀಲಿ. ಆ ದೊಡ್ಡಿಗೂ ಅವನ ಕುರಿಗಳಿಗೂ ನಡುವಿದ್ದ ಗೇಟಿನ ಅಗುಳಿ ಸಡಿಲವಾಗಿತ್ತು.

"ರಿಪೇರಿ ಮಾಡಿಸಬಾರ್ದಾ?" ಎಂದು ಅವಳು ಕೇಳಿದ್ದಳು.

"ಹೇಳಿ ಹೇಳಿ ಸಾಕಾಯ್ತು. ಅಲ್ಲೀತನಕ ನನ್ನ ಹಗ್ಗ ಇದೆಯಲ್ಲ." ಮೇವು ಯಾರೇ ಹಾಕಲಿ, ಕೊನೆಗೆ ಹಗ್ಗ ಕಟ್ಟುವವನು ಅವನೇ. "ನಂದು ಅಂತ ಇದೊಂದು ಉಳಿದ್ರೆ ಸಾಕು ಕಣೇ."

ಮಕ್ಕಳಿಲ್ಲದ ಅವಳಿಗೆ ಆ ಮಾತು ಚುಚ್ಚಿತ್ತು. ಆದರೂ ಹೂಂ ಅಂದಿದ್ದಳು. ಕುರಿಗಳು ಬೆದೆಗೆ ಬಂದು, ಕೆಂಪು ಟಗರನ್ನು ಬಿಡಬೇಕೆಂದಿದ್ದ ಹಿಂದಿನ ದಿನವೇ ಅವನು ಹೋದ.

*

ಮಣ್ಣು ಮುಗಿಸಿ ಬಂದವರು ಅಂಗಳದಲ್ಲಿ ಚಹಾ ಹಿಡಿದು ನಿಂತಿದ್ದರು. ಹಟ್ಟಿಯವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ ಅವಳು ಥಟ್ಟನೆ ಕೇಳಿದಳು:

"ಹಟ್ಟೀಲಿ ಯಾರಿದಾರೆ?"

"ಎಲ್ರೂ ಇಲ್ಲೇ ಇದೀವಲ್ಲಮ್ಮ," ಎಂದ ಮೇಸ್ತ್ರಿ. "ಸಾಹೇಬ್ರನ್ನ ಕಳಿಸ್ದೆ ಇರಕ್ಕಾಗತ್ತಾ? ಮೇವು ಹಾಕಿ ಓಡಿಬಂದ್ವಿ."

"ಗೇಟು?"

ಮೇಸ್ತ್ರಿ ಪಕ್ಕದವನ ಮುಖ ನೋಡಿದ.

"ಹಗ್ಗ ಸಾಹೇಬ್ರೇ ಕಟ್ತಿದ್ರಲ್ಲ..." ಎಂದ ಮೇಸ್ತ್ರಿ ಲೋಟ ಕೆಳಗಿಟ್ಟು ವ್ಯಾನಿನತ್ತ ಓಡಿದ.

ಪೆಟ್ಟಿಗೆ ಒಯ್ದ ಆ ವ್ಯಾನಿನಲ್ಲೇ ಅವಳೂ ಅವರೊಂದಿಗೆ ಹಟ್ಟಿಗೆ ಹೊರಟಳು.

ಗೇಟು ಹಾರುಹೊಡೆದಿತ್ತು. ಕಣ್ಣು ಹಾಯಿಸಿದಲ್ಲೆಲ್ಲ ಬಿಳಿ ಬೆನ್ನುಗಳ ಮೇಲೆ ನೀಲಿ. ಮೇಸ್ತ್ರಿ ತಲೆ ತಲೆ ಚಚ್ಚಿಕೊಂಡು ಕುಸಿದ. ಅವನನ್ನು ಬಯ್ಯಲು ಅವಳಿಗೆ ಬಾಯಿ ಬರಲಿಲ್ಲ. ಪ್ರೀತಿಯಿಂದ ಬಂದವರು.

ಒಂದು ಕುರಿ ಅವಳ ಕೈ ಮೂಸಿತು. ಅವಳು ಅದರ ಕೆಳರೆಪ್ಪೆ ಎಳೆದು ನೋಡಿದಳು. ಕೆಂಪಗಿತ್ತು. ಒಂದಿಷ್ಟೂ ರೋಗವಿಲ್ಲ.

ನೆಲಕ್ಕೆ ಬಿದ್ದಿದ್ದ ಹಗ್ಗವನ್ನೆತ್ತಿ, ಗೇಟು ಎಳೆದು, ಅವನ ಹಾಗೆಯೇ ಸುತ್ತಿ ಸುತ್ತಿ ಬಿಗಿದಳು. ಒಮ್ಮೆ ಜಗ್ಗಿಯೂ ನೋಡಿದಳು. ನೀಲಿ ಎದೆಯ ಟಗರುಗಳು ಕುರಿಗಳ ನಡುವೆ ಮಲಗಿ ಮೆಲುಕು ಹಾಕುತ್ತಿದ್ದವು.